ರಣರಂಗದ ವೈದ್ಯ ಲಾರೆ

ಫ್ರಾನ್ಸ್ ದೇಶದ ದಕ್ಷಿಣದ ಅಂಚಿನಲ್ಲಿ ಪಿರನೀಸ್ ಪರ್ವತಶ್ರೇಣಿ ಹಬ್ಬಿದೆ. ಅದರ ಮಡಿಲಿನ ಬೋದೆಯಾಂ ಎಂಬ ಸಣ್ಣ ಹಳ್ಳಿಯಲ್ಲಿ 1766ರ ಜುಲೈ 8ರಂದು ಡೊಮಿನಿಕ್ ಲಾರೆ ಜನಿಸಿದನು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಆತನು ತುಲೂಸ್ ನಗರದಲ್ಲಿ ಶಸ್ತ್ರವೈದ್ಯನಾಗಿದ್ದ ತಂದೆಯ ಸೋದರನ ಆಶ್ರಯದಲ್ಲಿ ಬೆಳೆದು, ವೈದ್ಯವಿದ್ಯೆಯ ಮೊದಲ ಪಾಠಗಳನ್ನು ಅಲ್ಲಿಯೇ ಕಲಿತನು. ಕೆಲಕಾಲ ಹಡಗಿನ ವೈದ್ಯನೂ ಆಗಿದ್ದನು. ಆದರೆ ಕಡಲ ಪಯಣ ಆತನ ಮೈಗೆ ಒಗ್ಗಲಿಲ್ಲ. ಪ್ಯಾರಿಸ್ಸಿನಲ್ಲಿ ವ್ಯಾಸಂಗ ಮುಂದುವರಿಸಿ, 1792ರಲ್ಲಿ ರೈನ್ ನದಿಯ ಗಡಿಯಲ್ಲಿ ಹೋರಾಡುತ್ತಿದ್ದ ಫ್ರೆಂಚ್ ಸೈನ್ಯವನ್ನು ಸೇರಿದನು.

ಅಲ್ಲಿ ಕಂಡ ದೃಶ್ಯ ಆತನನ್ನು ಕಳವಳಗೊಳಿಸಿತು. ಚಿಕಿತ್ಸಾ ಶಿಬಿರವೂ ಅದರ ಭಾರವಾದ ಬಂಡಿಗಳೂ ಕಾಳಗದ ಸ್ಥಳದಿಂದ ಒಂದು ಹರದಾರಿ ಹಿಂದೆ ನಿಲ್ಲಬೇಕೆಂಬುದು ಅಂದಿನ ನಿಯಮ. ಗುಂಡು ತಗಲಿದವನು ಕಾಳಗ ಮುಗಿಯುವವರೆಗೆ ಬಿದ್ದಲ್ಲಿಯೇ ಬಿದ್ದಿರಬೇಕಾಗಿತ್ತು. ಬಂಡಿ ಬರುವ ವೇಳೆಗೆ ಒಂದು ಹಗಲು, ಒಂದು ರಾತ್ರಿ ಕಳೆದಿರುತ್ತಿದ್ದುದೂ ಉಂಟು. ಅಷ್ಟರೊಳಗೆ ಹಲವರು ರಕ್ತ ಸೋರಿ ಸಾಯುತ್ತಿದ್ದರು; ಉಳಿದವರ ಗಾಯ ಕೊಳೆಯತೊಡಗುತ್ತಿತ್ತು. ಅರಿವಳಿಕೆಯ ಔಷಧವಾಗಲಿ, ರೋಗಾಣುಗಳ ಅರಿವಾಗಲಿ ಇಲ್ಲದ ಕಾಲವದು. ನುಚ್ಚುನೂರಾದ ಕೈಕಾಲನ್ನು ಕತ್ತರಿಸದೆ ಜೀವ ಉಳಿಸುವ ಬೇರೆ ದಾರಿ ಸಾಮಾನ್ಯವಾಗಿ ಇರಲಿಲ್ಲ. ಅದನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಡಿದರೆ ಬದುಕುವವರು ಹೆಚ್ಚೆಂಬುದನ್ನು ಲಾರೆಯು ಅನುಭವದಿಂದ ಅರಿತನು.

ಕುದುರೆಗಳು ಎಳೆಯುವ ಹಗುರವಾದ ಫಿರಂಗಿಗಳು ರಣರಂಗದ ಉದ್ದಗಲಕ್ಕೂ ಧಾವಿಸುವುದನ್ನು ಆತನು ನೋಡಿದ್ದನು. ಕೊಲ್ಲುವ ಯಂತ್ರಕ್ಕಿರುವ ವೇಗ ಜೀವ ಉಳಿಸುವ ಬಂಡಿಗೆ ಏಕಿರಬಾರದು? ಈ ಯೋಚನೆಯಿಂದ ‘ಹಾರುವ ಆಂಬುಲೆನ್ಸ್’ ಹುಟ್ಟಿತು. 1797ರಲ್ಲಿ ಇಟಲಿಯಲ್ಲಿ ಅದಕ್ಕೊಂದು ಪೂರ್ಣ ವ್ಯವಸ್ಥೆ ದೊರೆಯಿತು. ಎರಡು ಗಾಲಿಯ ಬಂಡಿಯಲ್ಲಿ ಇಬ್ಬರು, ನಾಲ್ಕು ಗಾಲಿಯದರಲ್ಲಿ ನಾಲ್ವರು ಗಾಯಾಳುಗಳು ಮಲಗಬಹುದಾಗಿತ್ತು. ಒಳಗೆ ಮೆತ್ತನೆಯ ಹಾಸು, ಗಾಳಿಗಾಗಿ ಕಿಟಕಿ, ಕುಲುಕಾಟ ತಗ್ಗಿಸಲು ಸ್ಪ್ರಿಂಗು. ಎಲ್ಲಕ್ಕಿಂತ ಮುಖ್ಯವಾಗಿ, ಔಷಧ ಮತ್ತು ಪಟ್ಟಿಗಳೊಡನೆ ವೈದ್ಯರೂ ಕುದುರೆಯೇರಿ ಹೊರಡುತ್ತಿದ್ದರು. ಮರುವರ್ಷ ಈಜಿಪ್ಟಿನ ಮರಳುಗಾಡಿನಲ್ಲಿ ಬಂಡಿಗಳು ಕೆಲಸಕ್ಕೆ ಬಾರದಾದಾಗ, ಲಾರೆಯು ಒಂಟೆಗಳ ಇಕ್ಕೆಲಗಳಲ್ಲಿ ತೊಟ್ಟಿಲಿನಂತಹ ಪೆಟ್ಟಿಗೆಗಳನ್ನು ಕಟ್ಟಿಸಿ ಗಾಯಾಳುಗಳನ್ನು ಸಾಗಿಸಿದನು.

ಯಾರಿಗೆ ಮೊದಲು ಚಿಕಿತ್ಸೆ ಎಂಬ ವಿಷಯದಲ್ಲಿ ಆತನದು ಕಠಿಣ ನಿಯಮ. ಯಾರ ಗಾಯ ಹೆಚ್ಚು ಅಪಾಯಕಾರಿಯೋ ಅವನೇ ಮೊದಲು. ಸೇನಾಧಿಪತಿಯಾದರೂ ಸಣ್ಣ ಗಾಯವಾಗಿದ್ದರೆ ಕಾಯಬೇಕು. ಶತ್ರುಪಕ್ಷದವರಿಗೂ ಆತನು ಶುಶ್ರೂಷೆ ನೀಡಿದನು. ಪದವಿಗೆ ಬೆಲೆ ಕೊಡುವ ಸೈನ್ಯದಲ್ಲಿ ಇದು ಸುಲಭದ ಮಾತಾಗಿರಲಿಲ್ಲ.

1813ರಲ್ಲಿ ಆತನ ಧೈರ್ಯಕ್ಕೆ ಬೇರೊಂದು ಪರೀಕ್ಷೆ ಒದಗಿತು. ಜರ್ಮನಿಯ ಲ್ಯೂಟ್ಸೆನ್ ಮತ್ತು ಬೌಟ್ಸೆನ್ ಕದನಗಳ ತರುವಾಯ, ಹೊಸದಾಗಿ ಸೇರಿದ್ದ ಎಳೆಯ ಸೈನಿಕರಲ್ಲಿ ಬಹುಮಂದಿಯ ಕೈಗೇ ಗಾಯವಾಗಿದ್ದುದು ಕಂಡುಬಂದಿತು. ಯುದ್ಧದಿಂದ ತಪ್ಪಿಸಿಕೊಳ್ಳಲು ತಾವೇ ಗುಂಡು ಹಾರಿಸಿಕೊಂಡಿದ್ದಾರೆಂದು ಅಧಿಕಾರಿಗಳು ದೂರಿದರು. ಚಕ್ರವರ್ತಿ ನೆಪೋಲಿಯನ್ ಅದನ್ನು ನಂಬಿದನು. ಅಪರಾಧ ಸ್ಥಿರಪಟ್ಟರೆ ಮರಣದಂಡನೆ. ವಿಚಾರಣೆಯ ಹೊಣೆ ಲಾರೆಯ ಪಾಲಿಗೆ ಬಂದಿತು. ಆತನು 2,500ಕ್ಕೂ ಹೆಚ್ಚು ಸೈನಿಕರ ಗಾಯಗಳನ್ನು ಪರೀಕ್ಷಿಸಿದನು. ಸಾಲುಸಾಲಾಗಿ ನಿಂತು ಗುಂಡು ಹಾರಿಸುವಾಗ ಪಳಗದ ಹಿಂದಿನ ಸಾಲಿನವರ ಗುಂಡು ಮುಂದಿನವರ ಎತ್ತಿದ ಕೈಗೆ ತಗಲಿತ್ತು. ಗುಡ್ಡವೇರುವಾಗ ಮೇಲಿನಿಂದ ಬಂದ ಶತ್ರುವಿನ ಗುಂಡೂ ಅಲ್ಲಿಗೇ ತಾಕಿತ್ತು. ಒಬ್ಬನೂ ತಪ್ಪಿತಸ್ಥನಲ್ಲವೆಂದು ಲಾರೆಯು ಬರೆದುಕೊಟ್ಟನು. ಒಡೆಯನ ಅಭಿಪ್ರಾಯಕ್ಕೆ ವಿರುದ್ಧವಾದ ವರದಿ ಅದು. ನೆಪೋಲಿಯನ್ ಮೊದಲು ಮುನಿದನಾದರೂ ಕೊನೆಗೆ ಒಪ್ಪಿ, ಆತನಿಗೆ ವಿಶ್ರಾಂತಿವೇತನವನ್ನು ಗೊತ್ತುಮಾಡಿದನು.

ಸೈನಿಕರು ಈ ವೈದ್ಯನನ್ನು ಎಷ್ಟು ಪ್ರೀತಿಸುತ್ತಿದ್ದರೆಂಬುದಕ್ಕೆ 1812ರ ಒಂದು ಪ್ರಸಂಗವೇ ಸಾಕು. ರಷ್ಯದಿಂದ ಹಿಮ್ಮೆಟ್ಟುವಾಗ ಬೆರೆಜಿನಾ ನದಿಯ ಸೇತುವೆಯ ಮೇಲೆ ಜನ ಒಬ್ಬರನ್ನೊಬ್ಬರು ತುಳಿದು ಸಾಯುತ್ತಿದ್ದರು. ಲಾರೆಯ ಗುರುತು ಸಿಕ್ಕೊಡನೆ, ಅದೇ ಸೈನಿಕರು ಆತನನ್ನು ಕೈಯಿಂದ ಕೈಗೆ ಎತ್ತಿ ತಲೆಗಳ ಮೇಲೆಯೇ ಆಚೆಯ ದಡಕ್ಕೆ ದಾಟಿಸಿದರು.

1815ರಲ್ಲಿ ವಾಟರ್ಲೂ ಕದನದಲ್ಲಿ ಲಾರೆಯು ಪ್ರಷ್ಯನ್ನರ ಸೆರೆಯಾದನು. ಗುಂಡಿಕ್ಕಿ ಕೊಲ್ಲುವ ಆಜ್ಞೆಯಾಗಿತ್ತು. ಹಿಂದೊಮ್ಮೆ ಆತನ ಉಪನ್ಯಾಸ ಕೇಳಿದ್ದ ಪ್ರಷ್ಯನ್ ವೈದ್ಯನೊಬ್ಬನು ಗುರುತಿಸಿದ್ದರಿಂದ ಜೀವ ಉಳಿಯಿತು. 1821ರಲ್ಲಿ ತೀರಿಕೊಂಡ ನೆಪೋಲಿಯನ್ ತನ್ನ ಮರಣಶಾಸನದಲ್ಲಿ ಆತನಿಗೆ ಒಂದು ಲಕ್ಷ ಫ್ರಾಂಕುಗಳನ್ನು ಬಿಟ್ಟುಹೋಗಿದ್ದನು.

ವೃದ್ಧಾಪ್ಯದಲ್ಲಿಯೂ ಲಾರೆಯು ಸುಮ್ಮನೆ ಕುಳಿತಿರಲಿಲ್ಲ. 1842ರಲ್ಲಿ ಅಲ್ಜೀರಿಯದ ಸೈನಿಕ ಆಸ್ಪತ್ರೆಗಳನ್ನು ಪರಿಶೀಲಿಸಿ ಹಿಂದಿರುಗುವ ದಾರಿಯಲ್ಲಿ ಅಸ್ವಸ್ಥನಾಗಿ, ಜುಲೈ 25ರಂದು ಲಿಯೋನ್ ನಗರದಲ್ಲಿ ಕೊನೆಯುಸಿರೆಳೆದನು.