ನೆಲ ನಡುಗುವ ಊರಿಗೆ ಬಂದ ಮೇಷ್ಟ್ರು

ಜಾನ್ ಮಿಲ್ನ್ ಅಂದ್ರೆ ಸಿವಿಲ್ ಬ್ರಾಂಚ್‌ನವರಿಗೆ ಸಿಸ್ಮೋಗ್ರಾಫ್ ನೆನಪಾಗಬಹುದು. ಉಳಿದವರಿಗೆ ಹೆಸರೇ ಹೊಸದಿರಬಹುದು. ಭೂಕಂಪಶಾಸ್ತ್ರದ ಪಿತಾಮಹರಲ್ಲಿ ಒಬ್ಬರು ಅಂತ ಇವರನ್ನ ಕರೀತಾರೆ. ಆದರೆ ಇವರು ಕಾಲೇಜಲ್ಲಿ ಓದಿದ್ದು ಭೂಕಂಪ ಅಲ್ಲ, ಗಣಿಗಾರಿಕೆ ಮತ್ತು ಭೂವಿಜ್ಞಾನ. ಜಪಾನಿಗೆ ಹೋಗಿದ್ದೂ ಅದನ್ನೇ ಪಾಠ ಮಾಡೋಕೆ. ಭೂಕಂಪ ಅವರಿಗೆ ಸಿಕ್ಕಿದ್ದು ಪರದೇಶದ ದಿನನಿತ್ಯದ ಬದುಕಿನಲ್ಲಿ.

ಮಿಲ್ನ್ ಹುಟ್ಟಿದ್ದು 1850ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಆ ಕಾಲಕ್ಕೆ ಜಪಾನ್ ಸರ್ಕಾರ ದೇಶವನ್ನ ಬೇಗ ಬೇಗ ಆಧುನಿಕ ಮಾಡಬೇಕು ಅಂತ ಹೊರಗಿನಿಂದ ಮೇಷ್ಟ್ರುಗಳನ್ನ, ಎಂಜಿನಿಯರುಗಳನ್ನ ದೊಡ್ಡ ಸಂಬಳ ಕೊಟ್ಟು ಕರೆಸ್ತಾ ಇತ್ತು. ಅವರನ್ನ 'ಓ-ಯತೋಯಿ' ಅಂತಿದ್ರು, ಅಂದ್ರೆ ಸಂಬಳಕ್ಕೆ ಕರೆಸಿಕೊಂಡವರು. ಟೋಕಿಯೋದಲ್ಲಿ 1873ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜಿಗೆ ಹೆನ್ರಿ ಡೈಯರ್ ಅನ್ನೋ ಸ್ಕಾಟ್ಲೆಂಡಿನ ಯುವಕ ಪ್ರಿನ್ಸಿಪಾಲ್. ಆರು ವರ್ಷದ ಕೋರ್ಸು, ಅದರಲ್ಲಿ ಕೊನೆಯ ಎರಡು ವರ್ಷ ಪೂರ್ತಿ ಪ್ರಾಕ್ಟಿಕಲ್ ಕೆಲಸ. ಪಾಠ ಇಂಗ್ಲಿಷಿನಲ್ಲಿ. ಹೊಸ ವಿಷಯ, ಹೊಸ ಭಾಷೆ ಎರಡೂ ಒಟ್ಟಿಗೆ ಅರಗಿಸಿಕೊಳ್ಳಬೇಕಾದ ಆ ಹುಡುಗರ ಪಾಡು ನಮ್ಮಲ್ಲಿ ತುಂಬಾ ಜನಕ್ಕೆ ಅರ್ಥ ಆಗುತ್ತೆ.

ಈ ಕಾಲೇಜಿಂದ ಕರೆ ಬಂದಾಗ ಮಿಲ್ನ್ ವಯಸ್ಸು 24. ಹಡಗು ಹತ್ತಿದ್ರೆ ಅವರಿಗೆ ವಿಪರೀತ ವಾಂತಿ, ತಲೆಸುತ್ತು. ಹಾಗಾಗಿ ಆದಷ್ಟೂ ನೆಲದ ಮೇಲೇ ಹೋಗೋಣ ಅಂತ 1875ರಲ್ಲಿ ಹೊರಟರು. ರಷ್ಯಾ, ಚಳಿಗಾಲದ ಸೈಬೀರಿಯಾ, ಮಂಗೋಲಿಯಾ, ಚೀನಾ ದಾಟಿ, ಶಾಂಘೈಯಿಂದ ಮಾತ್ರ ಹಡಗು ಹಿಡಿದು, 1876ರ ಮಾರ್ಚ್‌ನಲ್ಲಿ ಟೋಕಿಯೋ ತಲುಪಿದರು. ಸಮುದ್ರದ ಅಲುಗಾಟ ತಪ್ಪಿಸೋಕೆ ಇಷ್ಟೆಲ್ಲಾ ಕಷ್ಟಪಟ್ಟು ಬಂದವರಿಗೆ ಅಲ್ಲಿ ಕಾದಿದ್ದು ಅಲುಗಾಡೋ ನೆಲ. ಬಂದ ಮೊದಲ ರಾತ್ರಿಯೇ ಭೂಕಂಪದ ಅನುಭವ ಆಯ್ತು ಅಂತ ಅವರ ಬಗ್ಗೆ ಬರೆದವರು ಹೇಳ್ತಾರೆ.

ಪರದೇಶದಲ್ಲಿ ಹೀಗಾದ್ರೆ ಸಾಮಾನ್ಯವಾಗಿ ಏನು ಮಾಡ್ತೀವಿ? ಒಂದೋ ಬೈಕೊಂಡು ಕಾಂಟ್ರಾಕ್ಟ್ ಮುಗಿಯೋ ದಿನ ಎಣಿಸ್ತೀವಿ, ಇಲ್ಲಾ ಅಭ್ಯಾಸ ಮಾಡ್ಕೋತೀವಿ. ಮಿಲ್ನ್ ಅದನ್ನ ಅಳೆಯೋಕೆ ಕೂತರು. ಅವರ ಒಂದು ಉಪಾಯ ನನಗೆ ತುಂಬಾ ಇಷ್ಟ. ಟೋಕಿಯೋ ಸುತ್ತಲಿನ ಸುಮಾರು 100 ಮೈಲಿ ಒಳಗಿನ ಮುಖ್ಯ ಊರುಗಳ ಕಚೇರಿಗಳಿಗೆ ಪೋಸ್ಟ್‌ಕಾರ್ಡ್‌ಗಳ ಕಟ್ಟು ಕಳಿಸಿದರು. ವಾರಕ್ಕೆ ಒಂದು ಕಾರ್ಡು, ನಿಮ್ಮಲ್ಲಿ ನೆಲ ನಡುಗಿತಾ, ಯಾವಾಗ, ಅಷ್ಟು ಬರೆದು ವಾಪಸ್ ಹಾಕಿ ಅನ್ನೋ ವಿನಂತಿ. ಸೆನ್ಸರ್ ಇಲ್ಲ, ನೆಟ್‌ವರ್ಕ್ ಇಲ್ಲ. ಆ ಊರುಗಳ ಸಾಮಾನ್ಯ ಗುಮಾಸ್ತರೇ ಅವರ ಡೇಟಾ ಪಾಯಿಂಟ್‌ಗಳು. ಯಾವ ಊರಲ್ಲಿ ಎಷ್ಟು ಸಲ ಅನ್ನೋದನ್ನ ನಕಾಶೆ ಮೇಲೆ ಗುರುತು ಹಾಕಿದಾಗ ಭೂಕಂಪಗಳು ಹೆಚ್ಚಾಗಿ ಎಲ್ಲಿಂದ ಬರ್ತವೆ ಅನ್ನೋದು ನಿಧಾನಕ್ಕೆ ಕಾಣತೊಡಗಿತು.

1880ರ ಫೆಬ್ರವರಿಯಲ್ಲಿ ಯೋಕೋಹಾಮಾದಲ್ಲಿ ಭೂಕಂಪ ಆಯ್ತು. ಅದೇ ವರ್ಷ ಜಪಾನಿನ ಭೂಕಂಪ ಸಂಘ ಹುಟ್ಟಿತು, ಅದರ ಹಿಂದಿನ ಮುಖ್ಯ ಶಕ್ತಿ ಮಿಲ್ನ್. ಅವರ ಜೊತೆ ಕೆಲಸ ಮಾಡ್ತಿದ್ದ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್, ಥಾಮಸ್ ಗ್ರೇ ಕೂಡ ಹೊರಗಿನಿಂದ ಬಂದ ಮೇಷ್ಟ್ರುಗಳೇ. ಮೂವರ ಕೆಲಸದಿಂದ ಅಡ್ಡಲೋಲಕದ ಸಿಸ್ಮೋಗ್ರಾಫ್ ರೂಪ ಪಡೆಯಿತು. ತತ್ವ ಸರಳ. ಗೇಟಿನ ಕಂಬ ಸ್ವಲ್ಪ ವಾಲಿದ್ರೆ ಗೇಟು ನಿಧಾನಕ್ಕೆ ತೂಗಾಡಿ ತನ್ನ ಜಾಗಕ್ಕೇ ಬಂದು ನಿಲ್ಲುತ್ತಲ್ಲ, ಹಾಗೆ ಒಂದು ತೂಕ. ನೆಲ ಸರಿದಾಗ ಜಡತ್ವದಿಂದ ತೂಕ ಇದ್ದಲ್ಲೇ ಇರೋಕೆ ನೋಡುತ್ತೆ, ಎರಡರ ನಡುವಿನ ವ್ಯತ್ಯಾಸ ಗೆರೆಯಾಗಿ ದಾಖಲಾಗುತ್ತೆ. ಭೂಕಂಪಕ್ಕೆ ಕಾಯೋಕೆ ತಾಳ್ಮೆ ಸಾಲದೆ ಭಾರದ ಕಬ್ಬಿಣದ ಗುಂಡನ್ನ ಎತ್ತರದಿಂದ ಬೀಳಿಸಿ, ಡೈನಮೈಟ್ ಸಿಡಿಸಿ ಕೃತಕ ಕಂಪನವನ್ನೂ ಅಳೆದರು.

ಅವರು ಮಾಡಿದ ಇನ್ನೊಂದು ಪ್ರಯೋಗ ಇನ್ನೂ ಮಜವಾಗಿದೆ. ಒಂದು ಚಿಕ್ಕ ಮನೆಯನ್ನ ಕಬ್ಬಿಣದ ಗುಂಡುಗಳ ಮೇಲೆ ನಿಲ್ಲಿಸಿದರು, ನೆಲ ಅಲುಗಿದ್ರೂ ಮನೆ ಅಲುಗಬಾರದು ಅಂತ. ಮೊದಲು 10 ಇಂಚಿನ ಗುಂಡು. ಗಾಳಿ ಬೀಸಿದ್ರೂ ಮನೆ ಸರಿಯತೊಡಗಿತು! ಗುಂಡು ಚಿಕ್ಕದು ಮಾಡ್ತಾ ಮಾಡ್ತಾ ಕಾಲಿಂಚಿಗೆ ಇಳಿಸಿದ ಮೇಲೆ ಸರಿಹೋಯ್ತು. ಇವತ್ತು ಇದಕ್ಕೆ ಬೇಸ್ ಐಸೊಲೇಷನ್ ಅಂತೀವಿ. 2001ರ ಭೂಕಂಪದ ನಂತರ ಮತ್ತೆ ಕಟ್ಟಿದ ಭುಜ್ ಆಸ್ಪತ್ರೆಯ ತಳದಲ್ಲಿರೋದೂ ಇದೇ ಯೋಚನೆ, ಗುಂಡಿನ ಬದಲು ರಬ್ಬರ್ ಬೇರಿಂಗ್ ಅಷ್ಟೆ.

1881ರಲ್ಲಿ ಅವರು ಹಕೋಡಾಟೆಯ ಬೌದ್ಧ ಮಠವೊಂದರ ಗುರುಗಳ ಮಗಳು ತೋನೆ ಹೊರಿಕಾವಾ ಅವರನ್ನ ಮದುವೆಯಾದರು. ಕಾಂಟ್ರಾಕ್ಟ್ ಮುಗಿಸಿ ಹೊರಡಬೇಕಾದವರು ಒಟ್ಟು 19 ವರ್ಷ ಅಲ್ಲೇ ಉಳಿದರು.

1891ರ ಅಕ್ಟೋಬರ್ 28ರ ಬೆಳಿಗ್ಗೆ ಮಿನೊ-ಓವಾರಿ ಪ್ರದೇಶ ನಡುಗಿತು. ಸತ್ತವರು 7,000ಕ್ಕೂ ಹೆಚ್ಚು. ನಗಾರಾ ನದಿಯ ಹೊಸ ರೈಲ್ವೆ ಸೇತುವೆ ಕುಸಿದಿತ್ತು. ಹೊಸ ಶೈಲಿಯ ಇಟ್ಟಿಗೆ ಕಟ್ಟಡಗಳು ಉರುಳಿದ್ದವು. ಇದು ಮೇಷ್ಟ್ರುಗಳಿಗೇ ಬಂದ ಪರೀಕ್ಷೆ. ಯೂರೋಪಿನಿಂದ ತಂದ ವಿದ್ಯೆಯಲ್ಲಿ ಈ ನೆಲಕ್ಕೆ ಯಾವುದು ಹೊಂದುತ್ತೆ, ಯಾವುದು ಹೊಂದಲ್ಲ ಅನ್ನೋ ಪ್ರಶ್ನೆಯನ್ನ ಇನ್ನು ಮುಂದಕ್ಕೆ ಹಾಕೋ ಹಾಗಿರಲಿಲ್ಲ. ಮಿಲ್ನ್ ಮತ್ತು ಡಬ್ಲ್ಯೂ. ಕೆ. ಬರ್ಟನ್ ಆ ಹಾನಿಯನ್ನ ಫೋಟೋ ಸಮೇತ ಪುಸ್ತಕ ಮಾಡಿದರು. ಮರುವರ್ಷ ಸರ್ಕಾರ ಭೂಕಂಪ ತನಿಖಾ ಸಮಿತಿ ಮಾಡಿತು. ಅಷ್ಟರಲ್ಲಿ ಜಪಾನಿನವರೇ ಆದ ಸೆಕಿಯಾ ಪ್ರಾಧ್ಯಾಪಕರಾಗಿದ್ದರು, ಒಮೊರಿ ಬೆಳೀತಿದ್ದರು. ಕಲಿಸೋಕೆ ಬಂದವರ ಜಾಗವನ್ನ ಕಲಿತವರು ತುಂಬ್ತಾ ಇದ್ದರು. ಒಬ್ಬ ಮೇಷ್ಟ್ರಿಗೆ ಅದು ಗೆಲುವೇ. ಆದರೆ ಹಾಗೆ ಗೆದ್ದವರು ಜಾಗ ಖಾಲಿ ಮಾಡಬೇಕಲ್ಲ.

1895ರ ಫೆಬ್ರವರಿಯಲ್ಲಿ ಮನೆಗೆ ಬೆಂಕಿ ಬಿತ್ತು. ಪುಸ್ತಕ, ಉಪಕರಣ, ವರ್ಷಗಳ ದಾಖಲೆ ಎಲ್ಲಾ ಹೋಯ್ತು. ಅದೇ ಬೇಸಿಗೆಯಲ್ಲಿ ಮಿಲ್ನ್ ತೋನೆ ಅವರ ಜೊತೆ ಇಂಗ್ಲೆಂಡಿಗೆ ಮರಳಿದರು. ಜಪಾನಿನ ಚಕ್ರವರ್ತಿ ಪದವಿಯನ್ನೂ ಪಿಂಚಣಿಯನ್ನೂ ಕೊಟ್ಟಿದ್ದರು. ಐಲ್ ಆಫ್ ವೈಟ್ ದ್ವೀಪದ ಶೈಡ್ ಅನ್ನೋ ಪುಟ್ಟ ಊರಲ್ಲಿ ಮನೆ ಮಾಡಿ, 45ನೇ ವಯಸ್ಸಿಗೆ ಎಲ್ಲಾ ಮೊದಲಿಂದ ಶುರು ಮಾಡಿದರು. ಜಪಾನಿನಿಂದ ಬಂದ ಶಿನೊಬು ಹಿರೋಟಾ ಅಲ್ಲೂ ಅವರ ಸಹಾಯಕ. ಈ ಸಲ ಪೋಸ್ಟ್‌ಕಾರ್ಡ್ ಜಾಗದಲ್ಲಿ ಸಿಸ್ಮೋಗ್ರಾಫ್, 100 ಮೈಲಿ ಜಾಗದಲ್ಲಿ ಇಡೀ ಭೂಮಿ. ಹಲವು ದೇಶಗಳ ಕೇಂದ್ರಗಳಿಂದ ದಾಖಲೆಗಳು ಶೈಡ್‌ಗೆ ಬರತೊಡಗಿದವು. ನಮ್ಮ ದೇಶದಲ್ಲಿ ಕಲ್ಕತ್ತದ ಆಲಿಪುರ, ಬಾಂಬೆಯ ಕೊಲಾಬಾ, ಕೊಡೈಕೆನಾಲ್‌ನಲ್ಲಿ ಮಿಲ್ನ್ ಯಂತ್ರಗಳು ನಿಂತವು. ಕ್ಯಾಪ್ಟನ್ ಸ್ಕಾಟ್‌ನ ಹಡಗಿನಲ್ಲಿ ಒಂದು ಅಂಟಾರ್ಕ್ಟಿಕಾಕ್ಕೂ ಹೋಯ್ತು.

ಮಿಲ್ನ್ 1913ರ ಜುಲೈನಲ್ಲಿ ಶೈಡ್‌ನಲ್ಲೇ ತೀರಿಕೊಂಡರು. ಪರದೇಶದಲ್ಲಿ ಬಾಳೋ ಸರದಿ ಅಷ್ಟರಲ್ಲಿ ತೋನೆ ಅವರದಾಗಿತ್ತು. ಗಂಡ ಜಪಾನಿನಲ್ಲಿ 19 ವರ್ಷ ಇದ್ದ ಹಾಗೆ, ಅವರೂ ಆ ಇಂಗ್ಲಿಷ್ ದ್ವೀಪದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದರು. ಮಿಲ್ನ್‌ಗೆ ಸಂಬಳ ಇತ್ತು, ವಿದ್ಯಾರ್ಥಿಗಳಿದ್ದರು, ಹೆಸರಿತ್ತು. ತೋನೆ ಹೇಗೆ ಹೊಂದಿಕೊಂಡರು ಅಂತ ಅಳೆಯೋಕೆ ಯಾವ ಯಂತ್ರವೂ ಇರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಅವರು ಜಪಾನಿಗೆ ಮರಳಿ, ತಮ್ಮ ಊರು ಹಕೋಡಾಟೆಯಲ್ಲೇ ಕೊನೆಯ ದಿನಗಳನ್ನ ಕಳೆದರು. ಅವರ ಸಮಾಧಿ ಅಲ್ಲಿದೆ, ಮಿಲ್ನ್ ಅವರದು ಐಲ್ ಆಫ್ ವೈಟ್‌ನಲ್ಲಿ.