ವಿಮರ್ಶೆಯಿಂದ ಸೃಷ್ಟಿಗೆ: ಪಿ. ಲಂಕೇಶರ ಜೀವನಪಥ

ಪರರ ಕೃತಿಗಳ ಗುಣದೋಷಗಳನ್ನು ತೂಗುವವನು ತಾನೇ ಕೃತಿರಚನೆಗೆ ತೊಡಗಿದಾಗ, ಅದೇ ತಕ್ಕಡಿಯಲ್ಲಿ ತಾನೂ ಕುಳಿತುಕೊಳ್ಳಬೇಕಾಗುತ್ತದೆ. ಈ ಪರೀಕ್ಷೆಗೆ ಹಿಂಜರಿಯದವರಲ್ಲಿ ಪಿ. ಲಂಕೇಶರು ಗಣ್ಯರು.

ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ಒಕ್ಕಲು ಮನೆತನದಲ್ಲಿ 1935ರ ಮಾರ್ಚ್ 8ರಂದು ಜನಿಸಿದ ಅವರು ಬೆಂಗಳೂರು, ಮೈಸೂರುಗಳಲ್ಲಿ ವ್ಯಾಸಂಗ ಮಾಡಿ ಇಂಗ್ಲಿಷ್ ಅಧ್ಯಾಪಕರಾದರು. 1970ರಲ್ಲಿ ಅವರು ಸಂಪಾದಿಸಿದ ‘ಅಕ್ಷರ ಹೊಸ ಕಾವ್ಯ’ ನವ್ಯಕಾವ್ಯದ ಅಭಿರುಚಿಯನ್ನು ರೂಪಿಸಿದ ಸಂಕಲನ. ಅವರ ವಿಮರ್ಶೆಯಲ್ಲಿ ದಾಕ್ಷಿಣ್ಯಕ್ಕೆ ಸ್ಥಳವಿರಲಿಲ್ಲ. ಪುಲಿಗೆರೆಯ ತಿರುಳ್ಗನ್ನಡವನ್ನು ಪಂಪನ ಮುಖದಿಂದ ಕೇಳಿ ಬೆಳೆದ ನಮಗೆ, ಅಂದರೆ ಲಕ್ಷ್ಮೇಶ್ವರದ ಸೀಮೆಯವರಿಗೆ, ಲಂಕೇಶರ ಚಿಕ್ಕ ಚಿಕ್ಕ ವಾಕ್ಯಗಳು ಮೊದಲು ಬಿರುಸಾಗಿಯೇ ತೋರಿದ್ದುಂಟು. ಓದುತ್ತ ಹೋದಂತೆ ಅಲ್ಲಿಯೂ ತಿರುಳಿದೆಯೆಂಬುದು ಮನವರಿಕೆಯಾಯಿತು.

ಅವರ ಪ್ರಥಮ ಕಾದಂಬರಿ ‘ಬಿರುಕು’ 1967ರಲ್ಲಿ ಪ್ರಕಟವಾಯಿತು. ಚಿತ್ರರಂಗಕ್ಕೆ ಅವರು ಕಾಲಿಟ್ಟದ್ದು ನಟರಾಗಿ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ‘ಸಂಸ್ಕಾರ’ದಲ್ಲಿ (1970) ಅವರದು ನಾರಣಪ್ಪನ ಪಾತ್ರ. ಆರು ವರ್ಷಗಳ ತರುವಾಯ ತಮ್ಮ ‘ಬಿರುಕು’ ಕಾದಂಬರಿಯನ್ನೇ ಆಧಾರವಾಗಿಟ್ಟುಕೊಂಡು ‘ಪಲ್ಲವಿ’ಯನ್ನು ನಿರ್ದೇಶಿಸಿದರು. ಉದ್ಯೋಗವಿಲ್ಲದ ತರುಣ, ಉದ್ಯೋಗ ದೊರೆತ ತರುಣಿ. ಕಥೆ ಸಾಗುವುದು ಹೆಣ್ಣಿನ ದೃಷ್ಟಿಯಿಂದ. ಟಿ. ಎನ್. ಸೀತಾರಾಂ ಮತ್ತು ವಿಮಲಾ ನಾಯ್ಡು ಅಭಿನಯಿಸಿದರು. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ನಿರ್ದೇಶನದ ಪ್ರಥಮ ಪ್ರಯತ್ನಕ್ಕೇ ಶ್ರೇಷ್ಠ ನಿರ್ದೇಶಕ ಎಂಬ ರಾಷ್ಟ್ರಪ್ರಶಸ್ತಿ ಸಂದಿತು. ‘ಅನುರೂಪ’, ‘ಖಂಡವಿದೆಕೋ ಮಾಂಸವಿದೆಕೋ’, ‘ಎಲ್ಲಿಂದಲೋ ಬಂದವರು’ ಅನಂತರದ ಚಿತ್ರಗಳು.

ಮಠದ ವಿದ್ಯಾಸಂಸ್ಥೆಯಲ್ಲಿರುವ ನಾವು ಅವರ ‘ಸಂಕ್ರಾಂತಿ’ ನಾಟಕವನ್ನು ಬದಿಗಿರಿಸಿ ಮುಂದೆ ಸಾಗಿದರೆ ಅದು ಪ್ರಾಮಾಣಿಕತೆಯಾಗದು. ಕಲ್ಯಾಣದ ಕ್ರಾಂತಿಯೇ ಅದರ ವಸ್ತು. ಅಲ್ಲಿನ ಬಸವಣ್ಣನವರು ಪವಾಡಪುರುಷರಲ್ಲ. ಬಿಜ್ಜಳನ ಸ್ನೇಹ ಒಂದೆಡೆ, ಶರಣರ ಹೊಣೆ ಇನ್ನೊಂದೆಡೆ ಎಂಬ ಇಕ್ಕಟ್ಟಿನಲ್ಲಿ ಸಿಲುಕಿದ ಮನುಷ್ಯರು. ಕೆಳಜಾತಿಯಲ್ಲಿ ಹುಟ್ಟಿದ ರುದ್ರನಿಗೂ ಬ್ರಾಹ್ಮಣ ಕನ್ಯೆ ಉಷೆಗೂ ಬೆಳೆದ ಪ್ರೇಮ ರಾಜ್ಯವನ್ನೇ ಅಲ್ಲಾಡಿಸುತ್ತದೆ. ದೀಕ್ಷೆ ಪಡೆದವನ ಹಿಂದಿನ ಬದುಕು ನಿಜವಾಗಿಯೂ ಅಳಿಯಿತೇ ಎಂಬ ಪ್ರಶ್ನೆ ನಮ್ಮನ್ನು ಚುಚ್ಚುವಂಥದು. ಈ ಪುಸ್ತಕವನ್ನು ಕಪಾಟಿನಲ್ಲಿ ಹಿಂದಕ್ಕೆ ಸರಿಸಿದವರಲ್ಲಿ ನಾನೂ ಒಬ್ಬ. ಆದರೆ ಹರಳಯ್ಯ ಮಧುವರಸರ ಮಕ್ಕಳ ವಿವಾಹದ ವೃತ್ತಾಂತವನ್ನು ಪ್ರತಿವರ್ಷ ಹೇಳುವ ನಾವು, ಅದೇ ಕೆಂಡವನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದಾಗ ಮುನಿಯುವುದು ಹೇಗೆ? ನಾಟಕದ ಎಲ್ಲ ನಿಲುವುಗಳನ್ನು ಒಪ್ಪದೆಯೂ ಅದನ್ನು ಮೇಲ್ತರಗತಿಯ ವಿದ್ಯಾರ್ಥಿಗಳ ಕೈಗೆ ಕೊಡಬೇಕೆಂಬುದು ನನ್ನ ಈಗಿನ ಅಭಿಪ್ರಾಯ.

ಅಧ್ಯಾಪನವನ್ನು ತೊರೆದು 1980ರಲ್ಲಿ ಅವರು ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತುಗಳಿಲ್ಲದೆ, ಕೇವಲ ಓದುಗರ ಹಣದಿಂದ ನಡೆಯಿತು. ಚಿತ್ರನಿರ್ಮಾಣ ಅಲ್ಲಿಗೆ ನಿಂತಿತು, ಬರವಣಿಗೆ ನಿಲ್ಲಲಿಲ್ಲ. ‘ಮುಸ್ಸಂಜೆಯ ಕಥಾಪ್ರಸಂಗ’ದ ಬಳಿಕ ‘ಅಕ್ಕ’ ಕಾದಂಬರಿ ಬಂದಿತು. ‘ಕಲ್ಲು ಕರಗುವ ಸಮಯ’ ಕಥಾಸಂಕಲನಕ್ಕೆ 1993ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 2000ದ ಜನವರಿ 25ರಂದು ಬೆಂಗಳೂರಿನಲ್ಲಿ ಅವರು ನಿಧನ ಹೊಂದಿದಾಗ ಅವರಿಗೆ 64 ವರ್ಷ ವಯಸ್ಸು; ಕೊನೆಯವರೆಗೂ ಪತ್ರಿಕೆಯ ಸಂಪಾದಕರಾಗಿಯೇ ಇದ್ದರು.