ಫ್ರೆಡ್ಡಿಯ ಐದು ಆಲ್ಬಂ, ಎರಡು ಮೌನ

ರಾಕ್ ಸಂಗೀತದ ಹುಚ್ಚು ಹಿಡಿದವರ ನಡುವೆ ಒಂದು ಹಳೇ ಆಟ ಇದೆ. ವರ್ಷಕ್ಕೆ ಒಂದೇ ಆಲ್ಬಂ ಆರಿಸಬೇಕು, ಎರಡನೆಯದಕ್ಕೆ ಅವಕಾಶ ಇಲ್ಲ. ಕೇಳೋಕೆ ಸುಲಭ, ಆಡೋಕೆ ಕೂತರೆ ಜಗಳ. 1971 ಒಂದೇ ವರ್ಷದಲ್ಲಿ ಲೆಡ್ ಜೆಪ್ಲಿನ್‌ನ ನಾಲ್ಕನೇ ಆಲ್ಬಂ, ದಿ ಹೂ ತಂಡದ 'ಹೂಸ್ ನೆಕ್ಸ್ಟ್', ರೋಲಿಂಗ್ ಸ್ಟೋನ್ಸ್‌ನ 'ಸ್ಟಿಕಿ ಫಿಂಗರ್ಸ್' ಬಂದಿವೆ. ಯಾವುದನ್ನು ಬಿಡ್ತೀರಿ? ಎಂಜಿನಿಯರಿಂಗ್ ಓದಿದ ನನ್ನ ತಲೆಮಾರಿನವರಿಗೆ ಈ ಆಟ ಇನ್ನೂ ಹತ್ತಿರ. ಹಾಸ್ಟೆಲಿನ ಲ್ಯಾನ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತಿದ್ದ ಎಂಪಿ3 ಫೋಲ್ಡರುಗಳ ಹೆಸರು ಶುರುವಾಗುತ್ತಿದ್ದದ್ದೇ ಇಸವಿಯಿಂದ. ಆಲ್ಬಂ ಹೆಸರಿಗಿಂತ ಮೊದಲು ನಮಗೆ ಅದರ ವರ್ಷ ಬಾಯಿಗೆ ಬರುತ್ತಿತ್ತು.

ಈ ಸಲ ಆಟದ ನಿಯಮ ಸ್ವಲ್ಪ ಬದಲಿಸಿದ್ದೇನೆ. ಒಬ್ಬನೇ ಗಾಯಕ, ಐದು ವರ್ಷ, ಐದು ಆಲ್ಬಂ. ಗಾಯಕ ಫ್ರೆಡ್ಡಿ ಮರ್ಕ್ಯುರಿ, ಬ್ಯಾಂಡ್ ಕ್ವೀನ್. ಸತ್ತು ಮೂರು ದಶಕದ ಮೇಲಾಯಿತು, ಆದರೂ ಅವನ ಮೇಲೆ ಎಲ್ಲರಿಗೂ ಹಕ್ಕು. ಭಾರತ ಮೂಲದವನು ಅಂತ ನಾವು ಹೆಮ್ಮೆ ಪಡ್ತೀವಿ. ಕ್ವಿಯರ್ ಸಮುದಾಯ ತಮ್ಮವನು ಅನ್ನುತ್ತೆ. ಹುಟ್ಟಿದ ಊರಾದ ಜಾಂಜಿಬಾರ್ ಪ್ರವಾಸಿಗರಿಗೆ ಅವನ ಹೆಸರು ತೋರಿಸುತ್ತೆ, ಜೊತೆಗೇ ಅವನ ಬದುಕಿನ ಬಗ್ಗೆ ಮುಜುಗರವನ್ನೂ ಪಡುತ್ತೆ. ಎಲ್ಲರಿಗೂ ಬೇಕಾಗಿರೋದು ಅರ್ಧ ಫ್ರೆಡ್ಡಿ. ಪೂರ್ತಿ ಫ್ರೆಡ್ಡಿ ಬೇಕು ಅಂದರೆ ಈ ಐದೂ ವರ್ಷ ಬೇಕು, ಕಿರಿಕಿರಿ ಮಾಡುವ ವರ್ಷವೂ ಸೇರಿ.

1974: ಕ್ವೀನ್ II

ಮೊದಲ ಹಿಟ್ ಹಾಡು ತಂದುಕೊಟ್ಟ ಆಲ್ಬಂ ಇದು. ಎಲ್‌ಪಿಯ ಎರಡು ಬದಿಗೆ ಒಂದು, ಎರಡು ಅಂತ ಸಂಖ್ಯೆ ಇಲ್ಲ. ಒಂದು ಬಿಳಿ ಬದಿ, ಇನ್ನೊಂದು ಕಪ್ಪು ಬದಿ. ಕಪ್ಪು ಬದಿಯ ಹಾಡುಗಳೆಲ್ಲ ಫ್ರೆಡ್ಡಿ ಬರೆದವು. ರಾಕ್ಷಸರು, ಯಕ್ಷಿಣಿಯರು, ಲಂಡನ್ನಿನ ಮ್ಯೂಸಿಯಂನಲ್ಲಿರುವ ರಿಚರ್ಡ್ ಡ್ಯಾಡ್‌ನ ಒಂದು ಚಿತ್ರ, ಕೊನೆಗೆ 'ರೈ' ಅನ್ನೋ ಊಹೆಯ ರಾಜ್ಯದ ಏಳು ಸಮುದ್ರ. ಆಗ ಇದನ್ನು ಕಿನ್ನರ ಕತೆಯ ಹುಚ್ಚಾಟ ಅಂದವರಿದ್ದರು. ಆದರೆ ಬರೆದವನ ಹಿಂದಿನ ಇಪ್ಪತ್ತೇಳು ವರ್ಷ ನೋಡಿ.

1946ರ ಸೆಪ್ಟೆಂಬರ್ 5ರಂದು ಜಾಂಜಿಬಾರ್‌ನ ಸ್ಟೋನ್ ಟೌನ್‌ನಲ್ಲಿ ಹುಟ್ಟಿದ ಮಗುವಿನ ಹೆಸರು ಫರೋಖ್ ಬುಲ್ಸಾರಾ. ಗುಜರಾತಿನಿಂದ ಹೋದ ಪಾರ್ಸಿ ಕುಟುಂಬ. ಬುಲ್ಸಾರಾ ಅಂದರೆ ಬುಲ್ಸಾರ್ ಊರಿನವರು, ಇವತ್ತಿನ ವಲ್ಸಾಡ್. ಅಪ್ಪ ಬೋಮಿ ಬ್ರಿಟಿಷ್ ಆಡಳಿತದಲ್ಲಿ ಕ್ಯಾಷಿಯರ್. ಎಂಟು ವರ್ಷದ ಹುಡುಗನನ್ನು ಹಡಗು ಹತ್ತಿಸಿ ಭಾರತಕ್ಕೆ ಕಳಿಸಿದರು, ಪಂಚಗನಿಯ ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆಗೆ. ಅವನು ಫ್ರೆಡ್ಡಿ ಆದದ್ದು ಅಲ್ಲೇ. ಪಿಯಾನೊ ಹಿಡಿತಕ್ಕೆ ಬಂದದ್ದು, 'ದಿ ಹೆಕ್ಟಿಕ್ಸ್' ಅನ್ನೋ ಶಾಲಾ ಬ್ಯಾಂಡ್ ಕಟ್ಟಿದ್ದು ಎಲ್ಲಾ ಸಹ್ಯಾದ್ರಿಯ ಆ ಗುಡ್ಡದ ಮೇಲೆ.

1963ರಲ್ಲಿ ದ್ವೀಪಕ್ಕೆ ಮರಳಿದ. ಅದೇ ಡಿಸೆಂಬರ್‌ನಲ್ಲಿ ಜಾಂಜಿಬಾರ್ ಸ್ವತಂತ್ರವಾಯಿತು. ಮುಂದಿನ ತಿಂಗಳು, ಅಂದರೆ 1964ರ ಜನವರಿ 12ಕ್ಕೆ ಕ್ರಾಂತಿ. ಸುಲ್ತಾನ ಓಡಿಹೋದ. ಅರಬ್ಬರು ಮತ್ತು ಭಾರತೀಯರ ಮೇಲೆ ದಾಳಿಯಾಯಿತು, ಸಾವಿರಾರು ಜನ ಸತ್ತರು. ಬುಲ್ಸಾರಾ ಕುಟುಂಬ ಊರು ಬಿಟ್ಟು ಲಂಡನ್ ಹೊರವಲಯದ ಫೆಲ್ತಮ್ ಸೇರಿತು. ಹೀತ್ರೂ ವಿಮಾನ ನಿಲ್ದಾಣ ಪಕ್ಕದಲ್ಲೇ. ಕಾಲೇಜು ಹುಡುಗ ಫ್ರೆಡ್ಡಿ ಅಲ್ಲಿ ಲಗೇಜು ಹೊರುವ ಕೆಲಸವನ್ನೂ ಮಾಡಿದ. ಹದಿನೇಳನೇ ವಯಸ್ಸಿಗೆ ದ್ವೀಪ ಕಳಕೊಂಡವನು ಇಪ್ಪತ್ತೇಳನೇ ವಯಸ್ಸಿನಲ್ಲಿ ಹಾಡಿನೊಳಗೆ ರಾಜ್ಯ ಕಟ್ಟಿಕೊಂಡ. ನನಗೆ ಅದು ಹುಚ್ಚಾಟ ಅನ್ನಿಸಲ್ಲ.

1975: ಎ ನೈಟ್ ಅಟ್ ದಿ ಆಪೆರಾ

ಪಿಂಕ್ ಫ್ಲಾಯ್ಡ್‌ನ 'ವಿಶ್ ಯು ವರ್ ಹಿಯರ್', ಜೆಪ್ಲಿನ್‌ನ 'ಫಿಸಿಕಲ್ ಗ್ರಾಫಿಟಿ' ಎರಡೂ ಇದೇ ವರ್ಷದವು. ಬರೀ ಇಸವಿಯ ಆಟ ಆಗಿದ್ದರೆ ಇಲ್ಲೇ ಒಂದು ರಾತ್ರಿ ಕಳೆಯಬಹುದಿತ್ತು.

ಈಲಿಂಗ್ ಆರ್ಟ್ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದಿದವನು ಫ್ರೆಡ್ಡಿ. ಕೆನ್ಸಿಂಗ್ಟನ್ ಮಾರ್ಕೆಟ್‌ನಲ್ಲಿ ಡ್ರಮ್ಮರ್ ರೋಜರ್ ಟೇಲರ್ ಜೊತೆ ಹಳೇ ಬಟ್ಟೆ ಮಾರುತ್ತಿದ್ದ. 1970ರಲ್ಲಿ ಟೇಲರ್, ಗಿಟಾರಿನ ಬ್ರಯಾನ್ ಮೇ ಜೊತೆ ಬ್ಯಾಂಡ್ ಸೇರಿ ಅದಕ್ಕೆ ಕ್ವೀನ್ ಅಂತ ಹೆಸರಿಟ್ಟ. ತನ್ನ ಹೆಸರನ್ನೂ ಮರ್ಕ್ಯುರಿ ಅಂತ ಬದಲಿಸಿಕೊಂಡ. ಮರುವರ್ಷ ಬೇಸ್ ನುಡಿಸುವ ಜಾನ್ ಡೀಕನ್ ಬಂದ. ಬ್ಯಾಂಡಿನ ಲಾಂಛನವನ್ನು ಬರೆದವನೂ ಫ್ರೆಡ್ಡಿಯೇ. ನಾಲ್ವರ ರಾಶಿ ಚಿಹ್ನೆಗಳು, ಮೇಲೆ ರೆಕ್ಕೆ ಬಿಚ್ಚಿದ ಫೀನಿಕ್ಸ್ ಹಕ್ಕಿ.

'ಬೊಹೀಮಿಯನ್ ರ‍್ಯಾಪ್ಸಡಿ' ಬಂದದ್ದು ಈ ಆಲ್ಬಂನಲ್ಲಿ. 5 ನಿಮಿಷ 55 ಸೆಕೆಂಡು. ರೇಡಿಯೊದಲ್ಲಿ ಮೂರು ನಿಮಿಷ ದಾಟಿದರೆ ಕಷ್ಟ ಅನ್ನುವ ಕಾಲ ಅದು. ಅದರ ಆಪೆರಾ ಭಾಗದ ಕೆಲಸ ತಿಳಿದರೆ ನಮ್ಮಂಥ ಎಂಜಿನಿಯರುಗಳಿಗೆ ಖುಷಿಯಾಗುತ್ತೆ. ಇದ್ದದ್ದು 24 ಟ್ರ್ಯಾಕಿನ ಟೇಪು. ಹಾಡುವವರು ಮೂರೇ ಜನ: ಫ್ರೆಡ್ಡಿ, ಮೇ, ಟೇಲರ್. ಒಂದಷ್ಟು ಧ್ವನಿಗಳನ್ನು ದಾಖಲಿಸಿ, ಅವನ್ನು ಒಂದೇ ಟ್ರ್ಯಾಕಿಗೆ ಇಳಿಸಿ, ಖಾಲಿಯಾದ ಜಾಗದಲ್ಲಿ ಮತ್ತೆ ಹಾಡಬೇಕು. ಹೀಗೆ ಪದೇಪದೇ ಹಾದು ಹಾದು ಟೇಪಿನ ಲೇಪ ಸವೆದು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾಯಿತು. ಆ ಭಾಗದಲ್ಲಿ ಇಟಲಿಯ ಪ್ರಹಸನದ ಪಾತ್ರ, ವಿಜ್ಞಾನಿ, ಅರಬ್ಬಿಯ ದೇವಸ್ಮರಣೆ ಎಲ್ಲ ಒಂದೇ ಉಸಿರಲ್ಲಿ ಬರುತ್ತವೆ. ಜಾಂಜಿಬಾರ್, ಪಂಚಗನಿ, ಲಂಡನ್ ಸೇರಿದ ತಲೆಯಿಂದಲೇ ಬರಬಹುದಾದ ಹಾಡು ಅಂತ ನಾನಂದುಕೊಂಡಿದ್ದೇನೆ. ಅರ್ಥ ಏನು ಅಂತ ಅವನು ಕೊನೆಗೂ ಬಿಡಿಸಿ ಹೇಳಲಿಲ್ಲ. ಬ್ರಿಟನ್ನಿನಲ್ಲಿ ಒಂಬತ್ತು ವಾರ ಅದು ಮೊದಲ ಸ್ಥಾನದಲ್ಲಿತ್ತು.

1977: ನ್ಯೂಸ್ ಆಫ್ ದಿ ವರ್ಲ್ಡ್

ಕ್ರೀಡಾಂಗಣಗಳಲ್ಲಿ ಇವತ್ತಿಗೂ ಕೇಳಿಸುವ ಎರಡು ಹಾಡು ಇದರಲ್ಲಿವೆ. ಕಾಲು ಎರಡು ಸಲ ಕುಟ್ಟಿ ಒಂದು ಚಪ್ಪಾಳೆ ತಟ್ಟುವ ಮೇ ಅವರ ಹಾಡು ಒಂದು, ಗೆದ್ದವರೆಲ್ಲ ತಬ್ಬಿಕೊಂಡು ಕೂಗುವ ಫ್ರೆಡ್ಡಿಯ ಹಾಡು ಇನ್ನೊಂದು. ಗುಂಪಿಗೆ ಹಾಡಿಸುವ ಕಲೆಯಲ್ಲಿ ಅವನಿಗೆ ಸಾಟಿ ಇರಲಿಲ್ಲ.

ಆ ಗುಂಪು ಯಾವ ದೇಶದ್ದು ಅನ್ನೋದೂ ಮುಖ್ಯ. 1968ರಲ್ಲಿ, ಅವನಿನ್ನೂ ವಿದ್ಯಾರ್ಥಿ, ಪೂರ್ವ ಆಫ್ರಿಕಾದ ಏಷ್ಯನ್ನರು ಬ್ರಿಟನ್ನಿಗೆ ಬರೋದನ್ನು ತಡೆಯೋಕೆ ಕಾನೂನು ಬಂತು. ಅದೇ ಏಪ್ರಿಲ್‌ನಲ್ಲಿ ಸಂಸದ ಇನಾಕ್ ಪೊವೆಲ್ ವಲಸಿಗರಿಂದ ರಕ್ತ ಹರಿಯುತ್ತೆ ಅನ್ನುವ ಅರ್ಥದ ಕುಖ್ಯಾತ ಭಾಷಣ ಮಾಡಿದ. 1976ರ ಆಗಸ್ಟಿನಲ್ಲಿ ಗಿಟಾರ್ ದಿಗ್ಗಜ ಎರಿಕ್ ಕ್ಲಾಪ್ಟನ್ ಬರ್ಮಿಂಗ್‌ಹ್ಯಾಮ್ ವೇದಿಕೆಯಲ್ಲಿ ನಿಂತು ಪೊವೆಲ್‌ನನ್ನು ಬೆಂಬಲಿಸಿದ, ವಲಸಿಗರನ್ನು ಬೈದ. ಅದಕ್ಕೆ ಉತ್ತರವಾಗಿ 'ರಾಕ್ ಅಗೇನ್‌ಸ್ಟ್ ರೇಸಿಸಂ' ಚಳವಳಿ ಹುಟ್ಟಿತು. ಬ್ರಿಟಿಷ್ ರಾಕ್‌ನ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬನಾಗಿದ್ದ ವಲಸಿಗ, ಪೂರ್ವ ಆಫ್ರಿಕಾದಿಂದ ಬಂದ ಏಷ್ಯನ್, ಆ ಚಳವಳಿಯಲ್ಲಿ ಇರಲಿಲ್ಲ. ತನ್ನ ಮೂಲದ ಬಗ್ಗೆ ಪತ್ರಿಕೆಗಳ ಜೊತೆ ಅವನು ಮಾತಾಡಿದ್ದೇ ಅಪರೂಪ. ಆಲ್ಬಂ ಮೇಲೆ ಫರೋಖ್ ಅನ್ನೋ ಹೆಸರು ಬರಲೇ ಇಲ್ಲ.

ಇದಕ್ಕೆ ಅವನನ್ನು ಕಟಕಟೆಗೆ ನಿಲ್ಲಿಸೋಕೆ ನನಗಿಷ್ಟ ಇಲ್ಲ. ಬೀದಿಯಲ್ಲಿ ಏಷ್ಯನ್ನರನ್ನು ಅಟ್ಟಿಸಿಕೊಂಡು ಹೊಡೆಯುತ್ತಿದ್ದ ಊರಿನಲ್ಲಿ ಹೆಸರು ಬದಲಿಸಿಕೊಂಡು ಬದುಕೋದು ಕೋಟ್ಯಂತರ ವಲಸಿಗರು ಮಾಡಿರುವ ಲೆಕ್ಕ. ನಮ್ಮಲ್ಲಿ ಅಡ್ಡಹೆಸರು ಮುಚ್ಚಿಟ್ಟು ಬಾಡಿಗೆ ಮನೆ ಹುಡುಕುವವರನ್ನು ಕೇಳಿ.

1984: ದಿ ವರ್ಕ್ಸ್

ಕಿರಿಕಿರಿಯ ವರ್ಷ ಇದೇ. ಆಲ್ಬಂ ಮಾತ್ರ ಭರ್ಜರಿ. ಟೇಲರ್ ಬರೆದ 'ರೇಡಿಯೊ ಗಾ ಗಾ', ಡೀಕನ್ ಬರೆದ 'ಐ ವಾಂಟ್ ಟು ಬ್ರೇಕ್ ಫ್ರೀ' ಇದರಲ್ಲೇ ಇವೆ. ಆ ಎರಡನೇ ಹಾಡಿನ ವಿಡಿಯೊದಲ್ಲಿ ನಾಲ್ವರೂ ಹೆಂಗಸರ ಉಡುಪು ತೊಟ್ಟರು. ಬ್ರಿಟನ್ ನಕ್ಕಿತು, ಅಮೆರಿಕ ಮುಖ ಸಿಂಡರಿಸಿತು. ಆಲ್ಬಂ ಮುಗಿಯೋದು ಫ್ರೆಡ್ಡಿ ಮತ್ತು ಮೇ ಸೇರಿ ಬರೆದ ಸಣ್ಣ ಹಾಡಿನಿಂದ. ಬರೀ ಧ್ವನಿ, ಗಿಟಾರು. ಹಸಿವು, ಬಡತನ ತುಂಬಿದ ಲೋಕವನ್ನು ಕಟ್ಟಿದವರು ನಾವೇನಾ ಅಂತ ಕೇಳುವ ಹಾಡು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ವೀನ್ ದಕ್ಷಿಣ ಆಫ್ರಿಕಾದ ಸನ್ ಸಿಟಿಗೆ ಹೋಗಿ ಕಾರ್ಯಕ್ರಮ ಕೊಟ್ಟಿತು. ಸನ್ ಸಿಟಿ ಅಂದರೆ ಕ್ಯಾಸಿನೊ, ರೆಸಾರ್ಟ್. ಅದು ಇದ್ದದ್ದು ಬೊಫುತತ್ಸ್ವಾನದಲ್ಲಿ. ಕರಿಯರನ್ನು ಸ್ವಂತ ದೇಶದಲ್ಲೇ ಪರದೇಶಿಗಳನ್ನಾಗಿ ಮಾಡೋಕೆ ವರ್ಣಭೇದ ಸರ್ಕಾರ ಕಟ್ಟಿದ ಸುಳ್ಳು ದೇಶ ಅದು. ವಿಶ್ವಸಂಸ್ಥೆ ಸಾಂಸ್ಕೃತಿಕ ಬಹಿಷ್ಕಾರಕ್ಕೆ ಕರೆ ಕೊಟ್ಟಿತ್ತು. ಬ್ರಿಟನ್ನಿನ ಸಂಗೀತಗಾರರ ಒಕ್ಕೂಟ ತನ್ನ ಸದಸ್ಯರು ಹೋಗಕೂಡದು ಅಂದಿತ್ತು. ಕ್ವೀನ್ ಹೋಯಿತು. ನಾವು ರಾಜಕೀಯದ ಬ್ಯಾಂಡ್ ಅಲ್ಲ, ಕೇಳುವವರಿಗಾಗಿ ಹಾಡ್ತೀವಿ ಅನ್ನೋದು ಅವರ ವಾದವಾಗಿತ್ತು. ಅಲ್ಲಿನ ಕಿವುಡ, ಅಂಧ ಮಕ್ಕಳ ಶಾಲೆಗೆ ಹಣವನ್ನೂ ಕೊಟ್ಟರು. ಒಕ್ಕೂಟ ದಂಡ ಹಾಕಿತು. ವಿಶ್ವಸಂಸ್ಥೆಯ ಕಪ್ಪುಪಟ್ಟಿಯಲ್ಲಿ ಹೆಸರು ಬಂತು.

ಈಗ ಒಂದು ನಿಮಿಷ ಯೋಚಿಸಿ. ಮರ್ಕ್ಯುರಿ ಅನ್ನೋ ಹೆಸರು, ಬ್ರಿಟಿಷ್ ಪಾಸ್‌ಪೋರ್ಟ್, ಜನಪ್ರಿಯತೆ ಇಲ್ಲದೆ ಬರೀ ಫರೋಖ್ ಬುಲ್ಸಾರಾ ಆಗಿ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ್ದರೆ? ಅಲ್ಲಿನ ಜನಾಂಗ ನೋಂದಣಿಯಲ್ಲಿ ಏಷ್ಯನ್ ಅಂತ ಮುದ್ರೆ ಬೀಳುತ್ತಿತ್ತು. ಎಲ್ಲಿ ವಾಸ ಮಾಡಬೇಕು ಅಂತ ಸರ್ಕಾರ ಹೇಳುತ್ತಿತ್ತು. ಗಂಡಸರ ನಡುವಿನ ಪ್ರೀತಿಯೂ ಆ ಕಾನೂನಿನಲ್ಲಿ ಅಪರಾಧವಾಗಿತ್ತು. ಅವನು ಹಾಡಿದ್ದು ತನ್ನನ್ನೇ ಎರಡು ಸಲ ಹೊರಗಿಡುವ ವ್ಯವಸ್ಥೆಯ ಅಂಗಳದಲ್ಲಿ.

ಒಂಬತ್ತು ತಿಂಗಳು ಕಳೆದು, 1985ರ ಜುಲೈ 13ರಂದು ವೆಂಬ್ಲಿಯಲ್ಲಿ ಇಥಿಯೋಪಿಯಾದ ಬರಗಾಲಕ್ಕೆ ನೆರವಾಗುವ 'ಲೈವ್ ಏಡ್' ನಡೆಯಿತು. ಸುಮಾರು 20 ನಿಮಿಷ, ಆರು ಹಾಡು, ಕ್ರೀಡಾಂಗಣ ತುಂಬಾ ಒಂದೇ ಸಮನೆ ಎದ್ದ ಕೈಗಳು. ರಾಕ್ ಚರಿತ್ರೆಯ ಅತ್ಯುತ್ತಮ ಪ್ರದರ್ಶನ ಅಂತ ಅದನ್ನು ಕರೀತಾರೆ, ನನ್ನದೂ ತಕರಾರಿಲ್ಲ. ಆ 20 ನಿಮಿಷದಲ್ಲಿ ಹೆಚ್ಚಿನವರು ಸನ್ ಸಿಟಿಯನ್ನು ಮರೆತರು. ಬಹಿಷ್ಕಾರ ಪಾಲಿಸಿ ಆ ದುಡ್ಡು ಬಿಟ್ಟ ಕಲಾವಿದರ ಹೆಸರು ಯಾರಿಗೂ ನೆನಪಿಲ್ಲ.

1991: ಇನ್ಯುಎಂಡೊ

1986ರ ಆಗಸ್ಟಿನ ನೆಬ್‌ವರ್ತ್ ಕಾರ್ಯಕ್ರಮ ಫ್ರೆಡ್ಡಿ ಕ್ವೀನ್ ಜೊತೆ ಕೊಟ್ಟ ಕೊನೆಯದು. 1987ರಲ್ಲಿ ಎಚ್‌ಐವಿ ಇರೋದು ಖಚಿತವಾಯಿತು. 1988ರಲ್ಲಿ ಸ್ಪೇನಿನ ಆಪೆರಾ ಗಾಯಕಿ ಮೊನ್ಸೆರಾಟ್ ಕಬಾಯೆ ಜೊತೆ 'ಬಾರ್ಸಿಲೋನಾ' ಆಲ್ಬಂ ತಂದ. ಅದೇ ವರ್ಷ ಥ್ಯಾಚರ್ ಸರ್ಕಾರ ಸೆಕ್ಷನ್ 28 ತಂದು, ಸ್ಥಳೀಯ ಸಂಸ್ಥೆಗಳು ಸಲಿಂಗ ಪ್ರೇಮವನ್ನು ಪ್ರಚಾರ ಮಾಡಬಾರದು ಅಂತ ಕಟ್ಟಳೆ ಹಾಕಿತು. ಟ್ಯಾಬ್ಲಾಯ್ಡ್‌ಗಳು ಮನೆ ಮುಂದೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದವು.

ಅವನು ಸ್ಟುಡಿಯೊ ಸೇರಿದ. ಹಾಡುಗಳಿಗೆ ಒಬ್ಬೊಬ್ಬರ ಹೆಸರು ಹಾಕೋದನ್ನು ಬಿಟ್ಟು ನಾಲ್ವರೂ ಕ್ವೀನ್ ಅಂತಲೇ ಸಹಿ ಹಾಕತೊಡಗಿದ್ದರು. 1991ರ ಫೆಬ್ರವರಿಯಲ್ಲಿ ಬಂದ 'ಇನ್ಯುಎಂಡೊ'ದ ಕೊನೇ ಹಾಡು 'ದಿ ಶೋ ಮಸ್ಟ್ ಗೋ ಆನ್' ಕೇಳಿ. ನಿಲ್ಲೋಕೂ ತ್ರಾಣ ಇಲ್ಲದ ಮನುಷ್ಯನ ಗಂಟಲು ಅಂತ ನಂಬೋಕಾಗಲ್ಲ. ನವೆಂಬರ್ 23ಕ್ಕೆ ತನಗೆ ಏಡ್ಸ್ ಇದೆ ಅಂತ ಹೇಳಿಕೆ ಕೊಟ್ಟ. ಮರುದಿನ ತೀರಿಕೊಂಡ, 45 ವರ್ಷ. ಅಂತ್ಯಕ್ರಿಯೆಯಲ್ಲಿ ಮಂತ್ರ ಹೇಳಿದವರು ಪಾರ್ಸಿ ಪುರೋಹಿತರು.

ಮೊದಲೇ ಹೇಳಿದ್ದರೆ ಸಾವಿರಾರು ರೋಗಿಗಳಿಗೆ ಧೈರ್ಯ ಬರುತ್ತಿತ್ತು ಅಂತ ಆಗಲೂ ಬೈದರು, ಈಗಲೂ ಬೈತಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಫ್ರೆಡ್ಡಿಯ ಬದುಕಿನಲ್ಲಿ ಎರಡು ಮೌನ ಇವೆ. ತನ್ನ ದೇಹ, ತನ್ನ ಪ್ರೀತಿ, ತನ್ನ ಮೂಲದ ಬಗ್ಗೆ ಇಟ್ಟುಕೊಂಡ ಮೌನ ಅವನದ್ದು. ಅದನ್ನು ಒಡೆ ಅಂತ ಕೇಳುವ ಹಕ್ಕು ಟ್ಯಾಬ್ಲಾಯ್ಡಿಗೂ ಇಲ್ಲ, ನಮಗೂ ಇಲ್ಲ. ಸನ್ ಸಿಟಿಯಲ್ಲಿ ತೋರಿದ ಮೌನ ಬೇರೆ. ಅಲ್ಲಿ ಬೆಲೆ ತೆತ್ತವರು ಬೇರೆಯವರು. ನಾವು ಇದನ್ನು ಉಲ್ಟಾ ಮಾಡ್ತೀವಿ. ಖಾಸಗಿ ಬದುಕಿನ ಲೆಕ್ಕ ಕೇಳಿ ಕಲಾವಿದರನ್ನು ಕಾಡ್ತೀವಿ, ಯಾರ ವೇದಿಕೆ ಹತ್ತಿದರು ಅನ್ನೋದಕ್ಕೆ ಮಾತ್ರ ಹಾಡು ಚೆನ್ನಾಗಿತ್ತಲ್ಲ ಅಂತ ಬಿಟ್ಟುಬಿಡ್ತೀವಿ.

ಹಾಗಂತ 1984ನ್ನು ಪಟ್ಟಿಯಿಂದ ಕಿತ್ತು ಹಾಕೋಕೆ ನಾನು ಸಿದ್ಧ ಇಲ್ಲ. ಆಲ್ಬಂ ಇರಲಿ, ಅಕ್ಟೋಬರ್ ಕೂಡ ಇರಲಿ. ಅವನು ಸತ್ತ ಮೇಲೆ 'ಬೊಹೀಮಿಯನ್ ರ‍್ಯಾಪ್ಸಡಿ' ಮತ್ತೆ ಮೊದಲ ಸ್ಥಾನಕ್ಕೇರಿತು, ಆ ಹಣ ಏಡ್ಸ್ ರೋಗಿಗಳ ಪರ ದುಡಿಯುವ ಟೆರೆನ್ಸ್ ಹಿಗ್ಗಿನ್ಸ್ ಟ್ರಸ್ಟಿಗೆ ಹೋಯಿತು. ವರ್ಣಭೇದವನ್ನು ಸೋಲಿಸಿದ ದಕ್ಷಿಣ ಆಫ್ರಿಕಾ 1996ರಲ್ಲಿ ಬರೆದುಕೊಂಡ ಸಂವಿಧಾನ, ಲೈಂಗಿಕತೆಯ ಆಧಾರದಲ್ಲಿ ಭೇದ ಮಾಡಕೂಡದು ಅಂತ ಸ್ಪಷ್ಟವಾಗಿ ಹೇಳಿದ ಜಗತ್ತಿನ ಮೊದಲ ಸಂವಿಧಾನ. ಕ್ವೀನ್ ಯಾರ ಬಹಿಷ್ಕಾರ ಮುರಿದಿತ್ತೋ ಅದೇ ಜನರ ಗೆಲುವು ಅದು. 2003ರ ನವೆಂಬರ್‌ನಲ್ಲಿ ನೆಲ್ಸನ್ ಮಂಡೇಲಾ ಏಡ್ಸ್ ವಿರುದ್ಧ ಕೇಪ್‌ಟೌನ್‌ನಲ್ಲಿ ಸಂಗೀತ ಕಾರ್ಯಕ್ರಮ ಮಾಡಿಸಿದರು. ಅದರ ಹೆಸರು 46664, ಮಂಡೇಲಾ ಅವರ ಜೈಲಿನ ಕೈದಿ ಸಂಖ್ಯೆ. ಅವತ್ತು ಆ ವೇದಿಕೆ ಹತ್ತಿದವರಲ್ಲಿ ಬ್ರಯಾನ್ ಮೇ, ರೋಜರ್ ಟೇಲರ್ ಇಬ್ಬರೂ ಇದ್ದರು.